1/72 ಹರಿಕೇನ್ ಮಾಡೆಲ್ ಕಿಟ್: ಕೆಲವು ವರ್ಷಗಳ ಬಳಿಕದ ವಿಮರ್ಶೆ

ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ಎರಡನೇ ಮಹಾಯುದ್ಧದ ನಡುವೆ, 1944ರ ಫೆಬ್ರುವರಿಯಲ್ಲಿ ಮಣಿಪುರದ ಇಂಫಾಲಕ್ಕೆ ಬಂದಿಳಿದಾಗ ಬಳಸುತ್ತಿದ್ದುದು ಬ್ರಿಟನ್ನಿನ ಹರಿಕೇನ್ ಮಾರ್ಕ್ 2ಸಿ ಯುದ್ಧವಿಮಾನಗಳನ್ನು. ಆ ವಿಮಾನವನ್ನೇ ಕಟ್ಟಬೇಕೆಂದು ಕೊಂಡ, ನಿಜ ವಿಮಾನದ 72ನೇ ಒಂದು ಪಾಲಿನ ಅಳತೆಯ ಕಿಟ್ ಇದು. ಜೋಡಿಸಿ ಮುಗಿಸಿ ವರ್ಷಗಳೇ ಕಳೆದಿದ್ದರೂ ಅದನ್ನು ಆಗಾಗ ಕೈಗೆತ್ತಿಕೊಂಡು ನೋಡುತ್ತಲೇ ಇದ್ದೇನೆ.

ಕಿಟ್ಟಿನ ಅತ್ಯುತ್ತಮ ಭಾಗ ವಿಮಾನದ ಹಿಂಬದಿಯ ಒಡಲು. ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿಗಳು, ಅವುಗಳ ಮೇಲೆ ಬಿಗಿದ ಬಟ್ಟೆ: ಹರಿಕೇನ್‌ನ ಈ ರಚನೆಯನ್ನು ಅಚ್ಚಿನಲ್ಲಿ ಎಷ್ಟು ನಯವಾಗಿ ಮೂಡಿಸಿದ್ದಾರೆಂದರೆ, ಓರೆ ಬೆಳಕಿನಲ್ಲಿ ಹಿಡಿದಾಗ ಪಟ್ಟಿಗಳ ನಡುವೆ ಬಟ್ಟೆ ತುಸು ಕುಗ್ಗಿರುವುದೂ ಕಾಣುತ್ತದೆ. ಗುಂಡು ತೂರಿಹೋದ ಕಡೆ ಬಟ್ಟೆಯ ತೇಪೆ ಹಚ್ಚಿ ವಿಮಾನವನ್ನು ಮತ್ತೆ ಹಾರಾಟಕ್ಕೆ ಸಜ್ಜುಗೊಳಿಸಬಹುದಾಗಿದ್ದುದು, ದೊಡ್ಡ ಕಾರ್ಯಾಗಾರಗಳಿಂದ ದೂರವಿದ್ದ ಕಾಡುಗುಡ್ಡಗಳ ನಡುವಿನ ನೆಲೆಯಲ್ಲಿ ಸಣ್ಣ ಅನುಕೂಲವಾಗಿರಲಿಲ್ಲ. ಅಗಲವಾಗಿ ಕವಲೊಡೆದು ನಿಲ್ಲುವ ಚಕ್ರಗಳೂ ಮೂತಿಯ ಕೆಳಗಿನ ಧೂಳು ಸೋಸುವ ದಪ್ಪ ಫಿಲ್ಟರೂ ಸರಿಯಾದ ಅಳತೆಯಲ್ಲಿವೆ. ಒರಟು ರನ್‌ವೇ, ಬೇಸಿಗೆಯ ಧೂಳು, ಮುಂಗಾರಿನ ಕೆಸರು ಇವುಗಳ ನಡುವೆ ಅವು ಏಕೆ ಬೇಕಾಗಿದ್ದವೆಂಬುದು ಜೋಡಿಸುವಾಗಲೇ ಮನದಟ್ಟಾಗುತ್ತದೆ.

ಕೊರತೆ ಇರುವುದು ಡೆಕಾಲ್‌ಗಳಲ್ಲಿ, ಅಂದರೆ ಮಾದರಿಯ ಮೇಲೆ ಅಂಟಿಸುವ ಗುರುತುಗಳಲ್ಲಿ. ಪೆಟ್ಟಿಗೆಯಲ್ಲಿ ಯೂರೋಪಿನ ಕೆಂಪು ನಡುಬಿಂದುವಿನ ಗುರುತುಗಳಷ್ಟೇ ಇವೆ. ಬರ್ಮಾ ರಣರಂಗದಲ್ಲಿ ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿಯಬಾರದೆಂದು ಕೆಂಪನ್ನೇ ಕೈಬಿಟ್ಟು, ಕಡುನೀಲಿ ಮತ್ತು ತಿಳಿನೀಲಿಯ ಗುರುತು ಬಳಸುತ್ತಿದ್ದರು. ಅದನ್ನು ಬೇರೆಯಾಗಿ ಕೊಳ್ಳಬೇಕಾಯಿತು. ಅಂಟಿಸಿದ ಮೇಲೆ ಮಳೆಗಾಲದ ತೇವಕ್ಕೆ ಡೆಕಾಲ್‌ನ ಅಂಚುಗಳು ಏಳತೊಡಗಿದವು. ಮೇಲೆ ಮ್ಯಾಟ್ ವಾರ್ನಿಷ್ ಹಚ್ಚಿದ ನಂತರವೇ ಅವು ನಿಂತದ್ದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಕಿಟ್‌ನಲ್ಲಿ ಪೈಲಟ್ ಒಬ್ಬನ ಬೊಂಬೆ ಮಾತ್ರ ಇರುವುದು. ಇಬ್ಬಿಬ್ಬರಾಗಿ ಹಾರಿ, ಒಬ್ಬರು ಕಾಡಿನ ದಾರಿಗಳಲ್ಲಿ ಶತ್ರುವಿನ ಚಲನವಲನ ಗಮನಿಸುತ್ತಿದ್ದರೆ ಇನ್ನೊಬ್ಬರು ಆಕಾಶ ಕಾಯುತ್ತಿದ್ದ ಆ ವಿಚಕ್ಷಣೆಯ ಹಿಂದೆ ಎಂಜಿನ್ ನೋಡಿಕೊಳ್ಳುವ ಫಿಟ್ಟರ್, ಒಡಲು ನೋಡಿಕೊಳ್ಳುವ ರಿಗ್ಗರ್, ಆಯುಧ ನೋಡಿಕೊಳ್ಳುವ ಆರ್ಮರರ್‌ಗಳ ದುಡಿಮೆಯಿತ್ತು. ಮಾರ್ಚ್ ಕೊನೆಯಲ್ಲಿ ಜಪಾನೀಯರ ಮುತ್ತಿಗೆಗೆ ರಸ್ತೆ ಕಡಿದುಹೋಗಿ ಜೂನ್ 22ರಂದು ಮತ್ತೆ ತೆರೆಯುವ ತನಕ ಇಂಫಾಲಕ್ಕೆ ಸಾಮಗ್ರಿ ಬಂದದ್ದು ವಿಮಾನಗಳಲ್ಲಿ. ಏಪ್ರಿಲ್‌ನಲ್ಲಿ ಕಣಿವೆಯಂಚಿನ ನುಂಗ್‌ಶಿಗುಮ್ ಗುಡ್ಡವೇ ಕೆಲಕಾಲ ಜಪಾನೀಯರ ವಶವಾಗಿ, 13ರಂದು ಮರಳಿ ದಕ್ಕಿತು. ಅಂಥ ಸ್ಥಿತಿಯಲ್ಲೂ ವಿಮಾನಗಳನ್ನು ಹಾರಾಟಕ್ಕೆ ಅಣಿಗೊಳಿಸುತ್ತಿದ್ದವರ ಬೊಂಬೆಗಳನ್ನು ತಯಾರಕರು ಮುಂದಿನ ಆವೃತ್ತಿಯಲ್ಲಿಯಾದರೂ ಸೇರಿಸಬೇಕು.

ಅಂಟು ಹಿಡಿದ ಜಾಗಗಳು ಇಂದಿಗೂ ಬಿಟ್ಟಿಲ್ಲ, ತೆಳುವಾದ ಫಿರಂಗಿ ನಳಿಕೆಗಳು ಮಾತ್ರ ಧೂಳು ಒರೆಸುವಾಗ ಸುಲಭವಾಗಿ ಮುರಿಯುತ್ತವೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಇಂಫಾಲದ ವಿಮಾನವನ್ನೇ ಕಟ್ಟಬೇಕೆನ್ನುವವರು ನೀಲಿ ಗುರುತುಗಳ ಡೆಕಾಲ್ ಹಾಳೆಯನ್ನು ಕಿಟ್‌ನ ಜೊತೆಗೇ ತರಿಸಿಕೊಳ್ಳಿ.