ಉಪ್ಪುನೀರಿನ ಪುಟ್ಟ ಟ್ಯಾಂಕ್, ಎರಡು ವರ್ಷದ ನಂತರ: ಎಲ್ಲ ತಕರಾರೂ ಮೂರನೇ ಖಾನೆಯದ್ದೇ

ಈ ಟ್ಯಾಂಕಿನ ಅಳತೆ, ಲೈಟಿನ ವ್ಯಾಟ್, ಗಾಜಿನ ದಪ್ಪ ಎಲ್ಲ ಕಂಪನಿಯವರೇ ಹೇಳುತ್ತಾರೆ. ಅದನ್ನು ಮತ್ತೆ ಬರೆಯುವುದಿಲ್ಲ. 60 ಲೀಟರಿನ ಆಲ್-ಇನ್-ಒನ್ ಟ್ಯಾಂಕ್ ಇದು. ಮುಂದೆ ಮೀನು, ಹಿಂದೆ ಕಪ್ಪು ಹಲಗೆಯ ಆಚೆ ಮೂರು ಖಾನೆ. ನೀರು ಮೊದಲನೆಯದಕ್ಕೆ ಇಳಿದು, ಎರಡನೆಯದರಲ್ಲಿ ಸೋಸಿ, ಮೂರನೆಯದರಲ್ಲಿರುವ ಪಂಪಿನಿಂದ ವಾಪಸ್ ಮುಂದಕ್ಕೆ ಬರುತ್ತದೆ. ಹೊರಗೆ ಪೈಪಿಲ್ಲ, ಫಿಲ್ಟರ್ ನೇತಾಡುವುದಿಲ್ಲ. ಹಾಲ್‌ನಲ್ಲಿ ಇಟ್ಟರೆ ನೋಡಲು ಚೆಂದ. ಹತ್ತು ವರ್ಷ ಗಪ್ಪಿ, ಟೆಟ್ರಾ, ಏಂಜೆಲ್ ಸಾಕಿದ ಮೇಲೆ ಒಮ್ಮೆ ಕಡಲಿನ ಮೀನು ಸಾಕೋಣ ಅಂತ ಕೊಂಡಿದ್ದು.

ಚೆಂದದ ಮಾತು ಇಲ್ಲಿಗೆ ಸಾಕು. ಈಗ ಆ ಮೂರನೇ ಖಾನೆಗೆ ಬರೋಣ.

ಈ ಥರದ ಟ್ಯಾಂಕಿನಲ್ಲಿ ಮುಂಭಾಗದ ನೀರಿನ ಮಟ್ಟ ಇಳಿಯುವುದೇ ಇಲ್ಲ. ಎಷ್ಟು ನೀರು ಆವಿಯಾಗಿ ಆರಿದರೂ ಆ ಕೊರತೆ ಕಾಣಿಸುವುದು ಕೊನೆಯ ಖಾನೆಯಲ್ಲಿ ಮಾತ್ರ. ಅದರ ಅಗಲ ಹತ್ತು ಸೆಂಟಿಮೀಟರ್, ಉದ್ದ ಹತ್ತು ಸೆಂಟಿಮೀಟರ್. ಲೆಕ್ಕ ಹಾಕಿ: ಒಂದು ಲೀಟರ್ ಆರಿದರೆ ಅಲ್ಲಿ ನೀರು 10 ಸೆಂಟಿಮೀಟರ್ ಇಳಿಯುತ್ತದೆ. ಪಂಪ್ ಬೇರೆ ಅಲ್ಲೇ ಕೂತಿದೆ. ನೀರು ಅದರ ಬಾಯಿಗೆ ಬಂದ ಕೂಡಲೇ ಗಾಳಿ ಎಳೆಯಲು ಶುರು. ಎಳನೀರಿನ ತಳವನ್ನು ಸ್ಟ್ರಾದಲ್ಲಿ ಹೀರಿದರೆ ಬರುತ್ತದಲ್ಲ, ಅದೇ ಗೊರ್ರ್ ಸದ್ದು. ಅದೂ ರಾತ್ರಿ ಮೂರು ಗಂಟೆಗೆ. ಜೊತೆಗೆ ಟ್ಯಾಂಕ್ ತುಂಬ ಸಣ್ಣ ಗುಳ್ಳೆ. ನನ್ನ ಹೆಂಡತಿ ಮೊದಲ ಬೇಸಿಗೆಯಲ್ಲೇ ಹೇಳಿದ್ದಳು, "ನಿಮ್ಮ ಮೀನು ಗೊರಕೆ ಹೊಡೀತಿದೆ, ಎದ್ದು ನೋಡ್ರೀ."

ಸಿಹಿನೀರಿನಿಂದ ಬರುವವರಿಗೆ ಇದು ಹೊಸ ತಲೆನೋವು. ಟೆಟ್ರಾ ಟ್ಯಾಂಕಿನಲ್ಲಿ ನೀರು ಎರಡು ಇಂಚು ಇಳಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಭಾನುವಾರ ಒಂದಿಷ್ಟು ಹಳೇ ನೀರು ತೆಗೆದು ಹೊಸದು ತುಂಬಿದರೆ ಎರಡೂ ಕೆಲಸ ಒಟ್ಟಿಗೆ ಆಯಿತು. ಉಪ್ಪುನೀರಿನಲ್ಲಿ ತುಂಬುವುದೇ ಬೇರೆ, ಬದಲಿಸುವುದೇ ಬೇರೆ. ಆರಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಆರಿದ ಜಾಗಕ್ಕೆ ಬರೀ ಸಿಹಿನೀರು ಹಾಕಬೇಕು. ವಾರಕ್ಕೊಮ್ಮೆ ಬದಲಿಸುವಾಗ ಉಪ್ಪು ಬೆರೆಸಿದ ನೀರು ಹಾಕಬೇಕು. ಕಲ್ಲು, ಮರಳು ಕಳೆದರೆ ಇದರಲ್ಲಿ ಸುಮಾರು 50 ಲೀಟರ್ ನೀರು ಉಳಿಯುತ್ತದೆ. ಆರಿದ ಜಾಗಕ್ಕೂ ಉಪ್ಪುನೀರೇ ತುಂಬುತ್ತಾ ಹೋದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು, 5 ಲೀಟರ್ ಆರುವಷ್ಟರಲ್ಲಿ 38 ಗ್ರಾಂ ದಾಟುತ್ತದೆ. ಮೀನು ಹೇಗೋ ಸಹಿಸಿಕೊಳ್ಳುತ್ತದೆ. ಸೀಗಡಿ, ಬಸವನಹುಳು ಅಷ್ಟು ಗಟ್ಟಿ ಅಲ್ಲ. ದೊಡ್ಡ ಟ್ಯಾಂಕಿನಲ್ಲಿ ಇದೇ ಬದಲಾವಣೆ ಆಗಲು ವಾರಗಳೇ ಬೇಕು. "ಚಿಕ್ಕದು, ಹೊಸಬರಿಗೆ ಸುಲಭ" ಅಂತ ಅಂಗಡಿಯವರು ಹೇಳುವ ಮಾತು ಇಲ್ಲಿ ಉಲ್ಟಾ.

ಇದಕ್ಕೆ ತಾನೇ ನೀರು ತುಂಬುವ ಉಪಕರಣ ಬರುತ್ತದೆ, ಎಟಿಓ ಅಂತಾರೆ. ಒಂದು ಸೆನ್ಸರ್, ಒಂದು ಪುಟ್ಟ ಪಂಪ್, ಪಕ್ಕದಲ್ಲಿ ಸಿಹಿನೀರಿನ ಕ್ಯಾನ್. ಸೆನ್ಸರನ್ನು ಮೂರನೇ ಖಾನೆಯ ಗೋಡೆಗೆ ಅಂಟಿಸಬೇಕು. ಜಾಗ ಎಲ್ಲಿದೆ? ಪಂಪ್ ಕೂತ ಮೇಲೆ ಬೆರಳು ತೂರಿಸಲು ಕಷ್ಟ. ಮಾರಿದವರನ್ನು ಕೇಳಿದರೆ "ದಿನಾ ಫುಲ್ ಇಟ್ಕೊಳಿ ಸರ್" ಅಂದರು. ಅಷ್ಟು ನನಗೂ ಗೊತ್ತಿತ್ತು. ಕೊನೆಗೆ ಪಂಪನ್ನೇ ಬದಲಿಸಿ, ಚಿಕ್ಕದು ಹಾಕಿ, ಸೆನ್ಸರಿಗೆ ಜಾಗ ಮಾಡಿದೆ. ಊರಿಗೆ ಹೋಗುವಾಗ ಮಾತ್ರ ಅದನ್ನು ಆನ್ ಮಾಡುತ್ತೇನೆ. ಅದಕ್ಕೆ 5 ಲೀಟರಿಗಿಂತ ದೊಡ್ಡ ಕ್ಯಾನ್ ಜೋಡಿಸಬೇಡಿ. ಸೆನ್ಸರ್ ಕೈಕೊಟ್ಟರೆ ಕ್ಯಾನ್ ಪೂರ್ತಿ ಟ್ಯಾಂಕಿಗೇ ಇಳಿಯುತ್ತದೆ.

ಇನ್ನು ನೀರು. ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು, ಕೆಟಲ್‌ನಲ್ಲಿ ತಿಂಗಳಿಗೊಮ್ಮೆ ಬಿಳಿ ಪದರ ಕಟ್ಟುತ್ತದೆ. ಗಪ್ಪಿಗಳಿಗೆ ಅದು ಬಲು ಇಷ್ಟ. ಕಡಲಿನ ಟ್ಯಾಂಕಿಗೆ ನಡೆಯುವುದಿಲ್ಲ, ನಲ್ಲಿಯಲ್ಲಿ ಬರುವ ಸಿಲಿಕೇಟ್, ನೈಟ್ರೇಟ್, ಫಾಸ್ಫೇಟ್ ಎಲ್ಲ ಪಾಚಿಗೆ ಊಟ. ಅಡುಗೆಮನೆಯ ಆರ್‌ಓ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಕಾಗುವುದಿಲ್ಲ. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಅದರಲ್ಲಿ ಒಂದಿಷ್ಟು ಖನಿಜ ಉಳಿಸಿರುತ್ತಾರೆ. ಆರ್‌ಓ ಆದ ಮೇಲೆ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರಾಳದ ಫಿಲ್ಟರ್ ದಾಟಿ, ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಟ್ಯಾಂಕಿಗೆ ಮೊದಲು ದುಡ್ಡು ಎತ್ತಿಡಬೇಡಿ, ಇದಕ್ಕೆ ಮತ್ತು ಉಪ್ಪಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರಿಗೆ ಎತ್ತಿಡಿ. ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ ನಿಜ, ಆದರೆ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ನನ್ನ ಲೆಕ್ಕದಲ್ಲಿ ಟ್ಯಾಂಕಿಗೆ ಕೊಟ್ಟಷ್ಟೇ ದುಡ್ಡು ಮಿಕ್ಕ ಸಾಮಾನಿಗೂ ಹೋಯಿತು.

ನಮ್ಮ ಭಾವ ಉಡುಪಿಯವರು. "ಅಷ್ಟೆಲ್ಲ ಯಾಕೆ ಮಾರಾಯ, ಮಲ್ಪೆಯಿಂದ ನಾಲ್ಕು ಕ್ಯಾನ್ ತರ್ತೇನೆ" ಅಂದರು. ಬೇಡ ಅಂದೆ. ದಡದ ನೀರಲ್ಲಿ ಬೋಟಿನ ಡೀಸೆಲ್ ಇರಬಹುದು, ಊರಿನ ಕೊಳೆ ಇರಬಹುದು. ಮಳೆಗಾಲದಲ್ಲಂತೂ ಹೊಳೆಗಳ ನೀರು ಸೇರಿ ಉಪ್ಪೇ ಇಳಿದಿರುತ್ತದೆ. ಕಲ್ಲು, ಹವಳ ತರುವ ಮಾತಂತೂ ಎತ್ತಲೇಬೇಡಿ. ನಮ್ಮ ಕಡಲಿನ ಗಟ್ಟಿ ಹವಳ, ಸಮುದ್ರಕುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ರಕ್ಷಿತ. ನೇತ್ರಾಣಿ ದ್ವೀಪದ ಹವಳ ನೋಡಬೇಕೆಂದರೆ ಮುರುಡೇಶ್ವರಕ್ಕೆ ಹೋಗಿ ಡೈವ್ ಮಾಡಿ. ನನ್ನ ಟ್ಯಾಂಕಿನಲ್ಲಿರುವುದು ಒಣ ಕಲ್ಲು. ಅದರಲ್ಲಿ ಮೀನಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ನೆಲೆಯಾಗಲು ಒಂದೂವರೆ ತಿಂಗಳು ಖಾಲಿ ಟ್ಯಾಂಕ್ ನೋಡಿಕೊಂಡು ಕೂತಿದ್ದೆ. ಈ ಸೈಕ್ಲಿಂಗ್ ಸಿಹಿನೀರಿನಲ್ಲಿ ಮಾಡಿದವರಿಗೆ ಗೊತ್ತಿರುವುದೇ, ಮುಂದೆ ಹೋಗೋಣ.

ಬೇಸಿಗೆ. ಈ ಟ್ಯಾಂಕ್ ಮಾಡಿದವರು ಏಪ್ರಿಲ್ ತಿಂಗಳ ಬೆಂಗಳೂರನ್ನು ನೋಡಿಲ್ಲ. ಮೇಲೆ ಗಾಜಿನ ಮುಚ್ಚಳ, ಅದರ ಮೇಲೆ ಲೈಟು, ಒಳಗೆ ಪಂಪಿನ ಶಾಖ. ನೀರು 25, 26 ಡಿಗ್ರಿ ಇರಬೇಕಾದದ್ದು 31ಕ್ಕೆ ಹೋಯಿತು. ಉಪ್ಪುನೀರಿನಲ್ಲಿ ಮೊದಲೇ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ. ಬಿಸಿಯಾದಷ್ಟೂ ಇನ್ನೂ ಕಡಿಮೆ. ನೀರು ತಂಪು ಮಾಡುವ ಚಿಲ್ಲರ್ ಬೆಲೆ ಕೇಳಿ ಸುಮ್ನೆ ಬಂದೆ, ಟ್ಯಾಂಕಿಗಿಂತ ಜಾಸ್ತಿ. ಮುಚ್ಚಳ ತೆಗೆದು ಕಂಪ್ಯೂಟರಿನ ಪುಟ್ಟ ಫ್ಯಾನ್ ಕಟ್ಟಿದೆ. ಎರಡು, ಮೂರು ಡಿಗ್ರಿ ಇಳಿಯಿತು. ಆದರೆ ಫ್ಯಾನ್ ತಂಪು ಮಾಡುವುದೇ ನೀರನ್ನು ಆರಿಸಿ! ದಿನಕ್ಕೆ ಅರ್ಧ ಲೀಟರ್ ಹೋಗುತ್ತಿದ್ದದ್ದು ಒಂದು ಲೀಟರ್ ದಾಟಿತು. ಮತ್ತೆ ಅದೇ ಖಾನೆ, ಅದೇ ಗೊರ್ರ್. ಹಾಗಂತ ಮುಚ್ಚಳ ಇಲ್ಲದೆ ಬಿಡುವ ಹಾಗೂ ಇಲ್ಲ, ಗೋಬಿ ಜಾತಿಯ ಮೀನು ಹಾರುತ್ತದೆ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಿದ ಮೇಲೆ ಒಂದು ಹಂತಕ್ಕೆ ಬಂತು. ಇದನ್ನು ಕಂಪನಿಯವರೇ ಕೊಡಬಹುದಿತ್ತು.

ಇಷ್ಟೆಲ್ಲ ಬೈದ ಮೇಲೆ ಯಾಕೆ ಇನ್ನೂ ಇಟ್ಟುಕೊಂಡಿದ್ದೀಯ ಅಂತ ಕೇಳಬಹುದು. ಕಾರಣ ಎರಡು ಜೀವ. ಒಂದು ಹಳದಿ ಗೋಬಿ, ಬೆರಳುದ್ದ. (ಮನೆಗೆ ಬಂದವರೆಲ್ಲ ಮಂಚೂರಿ ಜೋಕ್ ಮಾಡಿಯೇ ಮಾಡುತ್ತಾರೆ.) ಇನ್ನೊಂದು ಪಿಸ್ತೂಲ್ ಸೀಗಡಿ. ಸೀಗಡಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದು ಕಲ್ಲಿನ ಕೆಳಗೆ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಬೆಳಿಗ್ಗೆ ಲೈಟ್ ಹತ್ತಿದ ಸ್ವಲ್ಪ ಹೊತ್ತಿಗೆ ಮೊದಲು ಗೋಬಿಯ ತಲೆ ಹೊರಗೆ ಬರುತ್ತದೆ. ಅತ್ತ ಇತ್ತ ನೋಡುತ್ತದೆ. ಆಮೇಲೆ ಸೀಗಡಿ, ಎರಡೂ ಕೊಂಡಿಗಳಲ್ಲಿ ಮರಳು ತಬ್ಬಿ ತಂದು ಬಾಗಿಲಾಚೆ ಸುರಿಯುತ್ತದೆ. ಹೊರಗಿರುವಷ್ಟು ಹೊತ್ತೂ ಅದರ ಒಂದು ಮೀಸೆ ಗೋಬಿಯ ಮೈ ಮೇಲೆ. ನಾನು ಗಾಜಿನ ಹತ್ತಿರ ಕೈ ತಂದರೆ ಗೋಬಿ ಬಾಲ ಅದುರಿಸುತ್ತದೆ. ಅಷ್ಟೇ, ಸೀಗಡಿ ಒಳಗೆ ಮಾಯ. ಒಂದು ಚೂರು ಸೀಗಡಿ ಗುಳಿಗೆ ಹಾಕಿದರೆ ಗೋಬಿ ಕಚ್ಚಿಕೊಂಡು ಬಿಲದ ಬಾಯಿಗೆ ಬರುತ್ತದೆ, ಉದುರಿದ್ದು ಒಳಗಿನವರಿಗೆ. ಕಾಫಿ ಆರುವುದು ಗೊತ್ತೇ ಆಗುವುದಿಲ್ಲ.

ಆಗಾಗ ಚಟ್ ಅಂತ ಸದ್ದು ಬರುತ್ತದೆ. ಮೊದಲ ಸಲ ಕೇಳಿದವರು ಗಾಜು ಸೀಳಿತು ಅಂದುಕೊಳ್ಳುತ್ತಾರೆ. ಸೀಗಡಿ ದೊಡ್ಡ ಕೊಂಡಿಯನ್ನು ರಪ್ಪನೆ ಮುಚ್ಚಿದಾಗ ನೀರಲ್ಲಿ ಒಂದು ಗುಳ್ಳೆ ಹುಟ್ಟಿ ಒಡೆಯುವ ಸದ್ದದು. ಈ ಜೋಡಿ ಬೇಕಿದ್ದರೆ ಒಂದು ಮಾತು: ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ತಳದ ಗಾಜಿನ ಮೇಲೇ ಕಲ್ಲು ಕೂರಿಸಿ, ಆಮೇಲೆ ಮರಳು ಸುರಿಯಿರಿ. ಇಲ್ಲದಿದ್ದರೆ ಇದು ತೋಡುವ ರಭಸಕ್ಕೆ ಕಲ್ಲು ಜಾರುತ್ತದೆ.

ಇದರ ಜೊತೆ ಎರಡು ಕ್ಲೌನ್ ಮೀನು, ನಾಲ್ಕಾರು ಬಸವನಹುಳು. ಅಷ್ಟೇ ಜನಸಂಖ್ಯೆ. ಇದೇ ಗಾತ್ರದ ಸಿಹಿನೀರಿನ ಟ್ಯಾಂಕಿನಲ್ಲಿ ಇಪ್ಪತ್ತು ಟೆಟ್ರಾ ಇಟ್ಟವರಿಗೆ ಖಾಲಿ ಅನ್ನಿಸುತ್ತದೆ, ಆದರೆ ಇದಕ್ಕಿಂತ ಹೆಚ್ಚು ಬೇಡ. ಕ್ಲೌನ್ ಕೊಳ್ಳುವಾಗ ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ಕೊಳ್ಳಿ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದವರು ಇವುಗಳ ಮರಿ ಮಾಡಿಸುವ ವಿಧಾನವನ್ನು ಎಂದೋ ಸಿದ್ಧಪಡಿಸಿದ್ದಾರೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಜೋರಾಗಿರುವುದು ಮುಂದೆ ಹೆಣ್ಣಾಗುತ್ತದೆ. ಕಡಲಲ್ಲಿ ಇವು ಆಸರೆ ಪಡೆಯುವ ಹೂವಿನಂಥ ಜೀವಿ ಅನಿಮೋನ್, ಅದು ಇಲ್ಲದೆಯೂ ಆರಾಮಾಗಿರುತ್ತವೆ. ನನ್ನವು ಪಂಪಿನ ನೀರು ಬೀಳುವ ಮೂಲೆಯನ್ನೇ ಮನೆ ಮಾಡಿಕೊಂಡಿವೆ. ಮೈಗೆ ಬಿಳಿ ಚುಕ್ಕೆ ಬಂತು ಅಂತ ಹಳೇ ತಾಮ್ರದ ಔಷಧಿ ಬಾಟಲಿ ಮಾತ್ರ ಎತ್ತಬೇಡಿ. ಸೀಗಡಿಗೂ ಬಸವನಹುಳುವಿಗೂ ಅದು ವಿಷ.

ಶನಿವಾರ ರಾತ್ರಿ ಉಪ್ಪು ಬೆರೆಸುವುದು ನನಗೆ ಇಷ್ಟದ ಕೆಲಸ. ಇದಕ್ಕೆಂದೇ ಇಟ್ಟ ಬಕೆಟ್, ಬಚ್ಚಲಿನದ್ದಲ್ಲ. ಹತ್ತು ಲೀಟರ್ ನೀರು ಮೊದಲು, ಆಮೇಲೆ ಉಪ್ಪು ಸ್ವಲ್ಪ ಸ್ವಲ್ಪ, ಹಾಲಿನ ಥರ ಬೆಳ್ಳಗಾಗಿ ನಿಧಾನಕ್ಕೆ ತಿಳಿಯಾಗುತ್ತದೆ. ಚಿಕ್ಕ ಪಂಪ್ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಸಿದ್ಧ. ರಿಫ್ರಾಕ್ಟೋಮೀಟರಿಗೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀಲಿ ಬಿಳಿ ಕೂಡುವ ಗೆರೆ 35ರಲ್ಲಿ ನಿಲ್ಲಬೇಕು. ನಮ್ಮ ಮಗಳು ಈಗ ಅದನ್ನು ನನಗಿಂತ ಬೇಗ ಓದುತ್ತಾಳೆ.

ಕೊಳ್ಳಬೇಕಾ ಅಂತ ಕೇಳಿದರೆ, ಉಪ್ಪುನೀರು ಹೌದು, ಈ ಟ್ಯಾಂಕ್ ಬೇಡ. ವಾರಾಂತ್ಯವೆಲ್ಲ ಊರಿಗೆ ಓಡುವವರು ಎರಡನ್ನೂ ಬಿಡಿ. ಮನೆಯಲ್ಲೇ ಇರುವವರು ಗಾಜಿನವರ ಹತ್ತಿರ 60 ಸೆಂಟಿಮೀಟರ್ ಉದ್ದ, 40 ಅಗಲದ ಸಾದಾ ಟ್ಯಾಂಕ್ ಮಾಡಿಸಿ, ಹಿಂದೆ ನೇತುಹಾಕುವ ಫಿಲ್ಟರ್ ಸಾಕು. ಅದರಲ್ಲಿ ಒಂದು ಲೀಟರ್ ಆರಿದರೆ ನೀರು ಇಳಿಯುವುದು ನಾಲ್ಕು ಮಿಲಿಮೀಟರ್, ಗೊತ್ತೂ ಆಗುವುದಿಲ್ಲ. ನೋಡಲು ಇಷ್ಟು ನೀಟಾಗಿರುವುದಿಲ್ಲ, ನಿಜ. ನಾನು ಆಗಲೇ ಒಂದಕ್ಕೆ ಆರ್ಡರ್ ಕೊಟ್ಟಿದ್ದೇನೆ. ಗಾಜು ಬಂದು ಒಂದು ಮೂಲೆಯಲ್ಲಿ ನಿಂತಿದೆ. ಕ್ಲೌನ್‌ಗಳನ್ನು ಹಿಡಿಯುವುದು ಸುಲಭ. ಗೋಬಿ, ಸೀಗಡಿಯನ್ನು ಬಿಲದಿಂದ ಹೊರಗೆ ತರಬೇಕೆಂದರೆ ಕಲ್ಲೆಲ್ಲ ಎತ್ತಬೇಕು, ಅದಕ್ಕೆ ಮನಸ್ಸು ಬರದೆ ತಿಂಗಳಿಂದ ಮುಂದೂಡುತ್ತಾ ಇದ್ದೇನೆ.