ಸಿದ್ಧಗಂಗಾ ಜಾತ್ರೆಯ ಬಳಪದ ಕಲ್ಲಿನ ಪಾತ್ರೆ: ಲೇತ್ ಕೆಲಸದವನ ಅನಿಸಿಕೆ

ಪಾತ್ರೆ ಮನೆಗೆ ಬಂದ ಕೂಡಲೇ ವರ್ನಿಯರ್ ಹಿಡಿದು ಅದರ ದಪ್ಪ ಅಳೆದೆ. ಒಂದು ಕಡೆ 11 ಮಿ.ಮೀ., ಎದುರು ಕಡೆ 14. ನಮ್ಮ ಶಾಪ್‌ನಲ್ಲಿ ಇಂಥ ಪೀಸ್ ಬಂದರೆ ನೇರ ಸ್ಕ್ರ್ಯಾಪ್‌ಗೆ ಹೋಗುತ್ತದೆ. ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್, ಅಂದರೆ ಪೀಸನ್ನು ತಿರುಗಿಸುತ್ತಾ ಕಡೆಯುವ ಮಷೀನ್, ಓಡಿಸುವವನು ನಾನು, ಅಳೆಯುವ ಚಟ ಬಿಡಲ್ಲ. ಭಾನುವಾರ ಬಂತೆಂದರೆ ಅಡುಗೆಮನೆ, ಇಲ್ಲದಿದ್ದರೆ ಬೈಕ್ ಹತ್ತಿ ಯಾವುದಾದರೂ ಹಳೇ ದೇವಸ್ಥಾನ. ಈ ಒಂದು ಪಾತ್ರೆಯಲ್ಲಿ ನನ್ನ ಮೂರೂ ಹುಚ್ಚು ಕೂಡಿ ಬಂದಿವೆ.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿ ರಸ್ತೆ ಬದಿ ಹರಡಿಕೊಂಡಿದ್ದ ಅಂಗಡಿಯಲ್ಲಿ ಕೊಂಡದ್ದು. ಎರಡು ಲೀಟರ್ ಹಿಡಿಯುತ್ತದೆ. 1,800 ರೂಪಾಯಿ ಹೇಳಿದರು, 1,400ಕ್ಕೆ ಕೊಟ್ಟರು. ಕಲ್ಲು ಸೇಲಂ ಕಡೆಯದಂತೆ. "ಇದ್ರಲ್ಲಿ ಮಾಡಿ ಉಣ್ಣಣ್ಣ, ಬಿ.ಪಿ., ಶುಗರ್ ಎರಡೂ ಇಳೀತದೆ" ಎಂದರು ಅಂಗಡಿಯಮ್ಮ. ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ. ಇದರ ನಿಜವಾದ ಗುಣವೇ ಬೇರೆ: ಹುಳಿಗೆ ಜಗ್ಗಲ್ಲ. ಹುಣಸೆಹಣ್ಣು ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಹಿತ್ತಾಳೆಗಾದರೆ ಕಲಾಯಿ ಬೇಕು. ಬಳಪದ ಕಲ್ಲಿಗೆ ಆ ತಾಪತ್ರಯ ಇಲ್ಲ.

ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದೂ ಇದೇ ಜಾತಿಯ ಕಲ್ಲನ್ನು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಅದರ ನವರಂಗದ, ಅಂದರೆ ಗರ್ಭಗುಡಿ ಮುಂದಿನ ಮಂಟಪದ, ಕಂಬಗಳಲ್ಲಿ ಉಂಗುರ ಉಂಗುರವಾಗಿ ಗೆರೆ ಇಳಿದಿರುತ್ತವೆ. ಅದು ಬರೀ ಉಳಿಯ ಕೆಲಸ ಅಲ್ಲ, ತಿರುಗಣೆಗೆ ಹಾಕಿ ಕಡೆದದ್ದು. ಅಂದರೆ ಲೇತ್! ಕರೆಂಟಿಲ್ಲ, ಮೋಟಾರಿಲ್ಲ, ಆಳೆತ್ತರದ ಕಲ್ಲು. ತಿರುಗುವಾಗ ಓಲಾಡದ ಹಾಗೆ ಅದಕ್ಕೆ ಸೆಂಟರ್ ಹೇಗೆ ಹಿಡಿದರಪ್ಪಾ ಅಂತ ನಾನು ಕಂಬದ ಮುಂದೆ ತಲೆ ಕೆರೆದುಕೊಂಡು ನಿಂತರೆ, ಮನೆಯವರು ಅಷ್ಟರಲ್ಲಿ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡಿರುತ್ತಾರೆ. ಅಷ್ಟು ದೂರ ಯಾಕೆ ಅನ್ನುವವರಿಗೆ ನಮ್ಮ ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಇದೆ. 13ನೇ ಶತಮಾನದ ಹೊಯ್ಸಳ ಚೆನ್ನಕೇಶವ, 9ನೇ ಶತಮಾನದ ಕಲ್ಲೇಶ್ವರ, ಎರಡೂ ಒಂದೇ ಊರಲ್ಲಿ. ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ಕುಣಿಯುವ ಶಿವನಿದ್ದಾನೆ. ಕತ್ತು ನೋಯುವವರೆಗೂ ನೋಡಬಹುದು.

ನನ್ನ ಪಾತ್ರೆಯಲ್ಲಿ ತಿರುಗಣೆ ಗೆರೆ ಇಲ್ಲ, ಒಳಗೆಲ್ಲ ಉಳಿಯ ಗುರುತೇ. ಕೈಯಲ್ಲಿ ಕೊರೆದದ್ದು. ಆ 3 ಮಿ.ಮೀ. ವ್ಯತ್ಯಾಸಕ್ಕೆ ಅದೇ ಕಾರಣ, ಅದಕ್ಕೆ ಮಾಫಿ.

ತಂದ ದಿನವೇ ಒಲೆಗಿಟ್ಟರೆ ಸೀಳುತ್ತದೆ, ಮೊದಲು ಪಳಗಿಸಬೇಕು. ಒಂದು ವಾರ ಗಂಜಿನೀರು ತುಂಬಿಡಿ, ದಿನಾ ಬದಲಾಯಿಸಿ. ಆಮೇಲೆ ಹರಳೆಣ್ಣೆಗೆ ಅರಿಶಿನ ಕಲಸಿ ಒಳಗೂ ಹೊರಗೂ ಬಳಿದು ಬಿಸಿಲಿಗಿಡಿ. ಎಣ್ಣೆ ಹೀರಿದಂತೆಲ್ಲ ಮತ್ತೆ ಬಳಿಯಿರಿ. "ಮಗೂಗೂ ಇಷ್ಟು ಎಣ್ಣೆ ಹಚ್ಚಿರಲಿಲ್ಲ ನೀವು" ಎಂದಳು ಹೆಂಡತಿ. ಕೊನೆಗೆ ನೀರು ತುಂಬಿ ಸಣ್ಣ ಉರಿಯಲ್ಲಿ ಕಾಯಿಸಿ, ಹಾಗೇ ಆರಲು ಬಿಡಿ. ಬೂದು ಬಣ್ಣದ ಕಲ್ಲು ಬರ್ತಾ ಬರ್ತಾ ಕಪ್ಪಾಗುತ್ತದೆ.

ಇದರಲ್ಲಿ ಮಾಡಬೇಕಾದದ್ದು ಹುರುಳಿಕಾಳಿನ ಬಸ್ಸಾರು. ಕಾಳನ್ನು ಕುಕ್ಕರ್‌ನಲ್ಲೇ ಬೇಯಿಸಿಕೊಳ್ಳಿ, ಹಟ ಬೇಡ. ಬಸಿದ ಕಟ್ಟನ್ನು ಪಾತ್ರೆಗೆ ಹಾಕಿ ಒಲೆ ಹಚ್ಚಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಕಾಯಿತುರಿ, ಒಂದು ಹಿಡಿ ಬೆಂದ ಕಾಳು, ಹುಣಸೆಹಣ್ಣು ರುಬ್ಬಿ ಅದಕ್ಕೆ ಹಾಕಿ. ಸಾರು ಇನ್ನೂ ತೆಳ್ಳಗಿರುವಾಗಲೇ ಒಲೆ ಆರಿಸಬೇಕು. ಆರಿಸಿದ ಮೇಲೂ ಕೊತಕೊತ ಕುದಿಯುತ್ತಲೇ ಇರುತ್ತದೆ, ಅಷ್ಟರಲ್ಲಿ ಹದಕ್ಕೆ ಬರುತ್ತದೆ. ಮುದ್ದೆ ತೊಳಸಿ, ಉಂಡೆ ಕಟ್ಟಿ, ಎಲ್ಲರೂ ಕೂರುವ ಹೊತ್ತಿಗೂ ಸಾರು ಸುಡುತ್ತಿರುತ್ತದೆ. ಒಗ್ಗರಣೆ ಮಾತ್ರ ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಹುಣಸೆ ಗೊಜ್ಜಿಗೂ ಇದೇ ಸರಿ. ಅನ್ನ, ಪಲ್ಯಕ್ಕೆ ಸುಮ್ನೆ ಕಷ್ಟ ಪಡಬೇಡಿ.

ದೂರುಗಳೂ ಇವೆ. ತಳ ಗುಂಡಗಿದೆ, ಗ್ಯಾಸ್ ಒಲೆ ಮೇಲೆ ತೂಗಾಡುತ್ತದೆ. ನಾನು ಶಾಪ್‌ನಲ್ಲಿ ಬಿದ್ದಿದ್ದ ಪೈಪಿನ ತುಂಡನ್ನು ಲೇತ್‌ಗೆ ಹಾಕಿ ರಿಂಗ್ ಮಾಡಿಕೊಂಡೆ. ಎಲ್ಲರ ಮನೆಯಲ್ಲೂ ಲೇತ್ ಇರುತ್ತಾ? ಇಷ್ಟು ದುಡ್ಡು ತೆಗೆದುಕೊಂಡು ಒಂದು ಸಿಂಬೆಯಾದರೂ ಕೊಡಬಹುದಿತ್ತು. ಮುಚ್ಚಳ ಇಲ್ಲ. ಬದಿಗೆ ಎರಡು ಕಿವಿ ಬಿಟ್ಟಿದ್ದಾರೆ, ಅವುಗಳ ಮೇಲೆ ಬೆರಳು ಕೂರಲ್ಲ. ಸಾರು ತುಂಬಿದರೆ ತೂಕ ಜಾಸ್ತಿ, ನಮ್ಮಮ್ಮ ಇದನ್ನು ಇಳಿಸಲಾರರು. ಸೋಪು ಹಾಕಿ ತೊಳೆಯುವ ಹಾಗಿಲ್ಲ, ಕಲ್ಲು ಹೀರಿಕೊಳ್ಳುತ್ತದೆ. ಕಡಲೆಹಿಟ್ಟು ಇಲ್ಲವೇ ಸೀಗೆಪುಡಿಯೇ ಗತಿ. ಬಿಸಿ ಪಾತ್ರೆಗೆ ತಣ್ಣೀರು ಬಿಟ್ಟರೆ ಕಥೆ ಮುಗೀತು.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅನ್ನಬೇಕು. ಡಬ್ ಅಂದರೆ ಒಳಗೆ ಸೀಳಿರಬಹುದು, ವಾಪಸ್ ಇಡಿ. ನೀರು ತುಂಬಿಸಿ ಸ್ವಲ್ಪ ಹೊತ್ತು ಕಾದು ತಳ ಮುಟ್ಟಿ ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಡ್ಯೂಟಿಗೆ ಓಡುವ ಮನೆಗೆ ಇದು ಆಗಲ್ಲ, ಬಿಸಿಯಾಗುವುದಕ್ಕೇ ಅಷ್ಟು ಹೊತ್ತು ಬೇಕು. ನನ್ನ ಹಾಗೆ ಭಾನುವಾರ ಮಾತ್ರ ಸೌಟು ಹಿಡಿಯುವವರು ಧಾರಾಳವಾಗಿ ಕೊಳ್ಳಿ. 1,400ಕ್ಕೆ ಮೋಸವಿಲ್ಲ, 1,800 ಮಾತ್ರ ಕೊಡಬೇಡಿ.