ಕೇವಲಾದೇವ್ ಪಕ್ಷಿಧಾಮ, ಭರತಪುರ: ಹೊರಡುವ ಮುಂಚೆ ನೀರು ವಿಚಾರಿಸಿ

ರಾಜಸ್ಥಾನದ ಭರತಪುರಕ್ಕೆ ರೈಲು ಟಿಕೆಟ್ ಮಾಡಿಸುವ ಮುಂಚೆ ಉಳಿಯಲಿರುವ ಲಾಡ್ಜಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ಈ ಸಲ ನೀರು ಬಿಟ್ಟಿದ್ದಾರಾ? ಎಷ್ಟು ಕಡೆ ತುಂಬಿದೆ?

ರಂಗನತಿಟ್ಟಿಗೆ ಕಾವೇರಿ ಇದೆ. ಸುಮಾರು 29 ಚದರ ಕಿ.ಮೀ.ನ ಕೇವಲಾದೇವ್ ಉದ್ಯಾನಕ್ಕೆ ನೀರನ್ನು ಹೊರಗಿನಿಂದಲೇ ತರಬೇಕು. ಹಿಂದೆ ಗಂಭೀರ್ ನದಿಯ ನೀರು ಅಜನ್ ಬಂಡ್ ಎಂಬ ಕಟ್ಟೆಗೆ ಬಂದು, ಅಲ್ಲಿಂದ ಕಾಲುವೆಯಲ್ಲಿ ಇಳಿಯುತ್ತಿತ್ತು. ನದಿಯ ಮೇಲ್ಭಾಗದ ಕರೌಲಿಯಲ್ಲಿ ಪಾಂಚನಾ ಅಣೆಕಟ್ಟು ಕಟ್ಟಿದ ಮೇಲೆ ಅದನ್ನು ನೆಚ್ಚುವಂತಿಲ್ಲ. ಗೋವರ್ಧನ ನಾಲೆ ಮತ್ತು ಚಂಬಲ್ ಪೈಪಿನ ನೀರು ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಆದರೆ ನದಿ ನೀರಿನ ಜತೆ ಬರುವ ಮೀನುಮರಿ ಪೈಪಿನಲ್ಲಿ ಬರುವುದಿಲ್ಲ. ಮೀನಿಲ್ಲದ ವರ್ಷ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದೇ ಕಷ್ಟ.

ನೀರು ಚೆನ್ನಾಗಿದ್ದರೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಕೊಕ್ಕರೆಗಳ ಗೂಡು, ಮರಿ ನೋಡಬೇಕಿದ್ದರೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ರಸ್ತೆಯಲ್ಲೇ ನಿಂತು ಜಾಲಿಮರದ ಮೇಲಿನ ಗೂಡುಗಳನ್ನು ನೋಡಬಹುದು. ವಲಸೆ ಬಾತು, ಹೆಬ್ಬಾತುಗಳಿಗೆ ನವೆಂಬರ್ ಕೊನೆಯಿಂದ ಫೆಬ್ರವರಿ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದಟ್ಟ ಮಂಜು ಬೀಳುತ್ತದೆ, ಎಷ್ಟೋ ದಿನ ಬೆಳಗಿನ ಹೊತ್ತು ಕೈಗೆ ಸಿಗುವುದೇ ಇಲ್ಲ, ರೈಲುಗಳೂ ತಡ. ಆಗ ಹೋಗುವವರು ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಸೈಬೀರಿಯದ ಕ್ರೌಂಚದ ಆಸೆ ಬೇಡ. 2002ರ ನಂತರ ಅವು ಇಲ್ಲಿಗೆ ಬಂದಿಲ್ಲ. ಸಾರಸಗಳು ಇವೆ.

ಬಹಳ ಜನ ಸೋಲುವುದು ಸಮಯದ ಲೆಕ್ಕದಲ್ಲಿ. ಗೇಟಿನಿಂದ ಒಳಗಿನ ಶಾಂತಿ ಕುಟೀರ ಅತಿಥಿಗೃಹದವರೆಗೆ ಬರೀ ಒಣ ಕುರುಚಲು. ನೀರು ಶುರುವಾಗುವುದು ಅದರಾಚೆ. ಒಂದು ಗಂಟೆಯ ಮಟ್ಟಿಗೆ ರಿಕ್ಷಾ ಮಾಡಿದರೆ ಹೋಗಿಬರುವುದರಲ್ಲೇ ಅರ್ಧ ಮುಗಿಯುತ್ತದೆ. ಮೂರು ಗಂಟೆಗಳ ಮಟ್ಟಿಗೆ ಮಾಡಿ. ಸೈಕಲ್ ರಿಕ್ಷಾ ತುಳಿಯುವವರಲ್ಲಿ ಅನೇಕರು ತರಬೇತಿ ಪಡೆದವರು; ಹಗಲಲ್ಲಿ ಮಲಗಿದ ಗೂಬೆ ಯಾವ ಕೊಂಬೆಯಲ್ಲಿದೆ ಎಂಬುದು ಅವರಿಗೆ ಗೊತ್ತು, ಹೊಸಬರ ಕಣ್ಣಿಗೆ ಅದು ಬೀಳುವುದಿಲ್ಲ. ಮರುದಿನ ಬಾಡಿಗೆ ಸೈಕಲ್ ಹಿಡಿದು ಏರಿಗಳ ಮೇಲೆ ಹೋಗಿ. ಬ್ರೇಕು, ಸೀಟಿನ ಎತ್ತರ ಗೇಟಿನಲ್ಲೇ ನೋಡಿಕೊಳ್ಳಿ. ಏರಿಯಲ್ಲಿ ಜಾಲಿಮುಳ್ಳು ಚುಚ್ಚಿ ಟಯರ್ ಪಂಚರ್ ಆದರೆ ಗೇಟಿನವರೆಗೂ ತಳ್ಳಿಕೊಂಡೇ ಬರಬೇಕು. ದುರ್ಬೀನು ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಸಾಕು.

ನಿರ್ವಹಣೆಗೆ ಪೂರ್ತಿ ಅಂಕ ಕೊಡಲಾಗದು. 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದಾಗ ಪಾಸ್ಪಲಂ ಹುಲ್ಲು ಬೆಳೆದು ತೆರೆದ ನೀರನ್ನೇ ಮುಚ್ಚಿತು; ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಹುಲ್ಲು, ಬಳ್ಳಾರಿ ಜಾಲಿ, ಆಫ್ರಿಕನ್ ಕ್ಯಾಟ್‌ಫಿಶ್, ಹಬ್ಬಿ ಕಾಡುವ ಈ ಮೂರನ್ನೂ ತೆಗೆಯುತ್ತಲೇ ಇರಬೇಕು. ವಿಶ್ವ ಪರಂಪರೆಯ ಪಟ್ಟಿಗೆ 1985ರಲ್ಲೇ ಸೇರಿದ ಜಾಗಕ್ಕೆ ವರ್ಷವರ್ಷವೂ ನೀರಿಗಾಗಿ ಕಾಯುವ ಪಾಡು ಬರಬಾರದಿತ್ತು. ನೀರಿದ್ದ ವರ್ಷ ಐದಕ್ಕೆ ಐದು. ಬತ್ತಿದ ವರ್ಷ ಎರಡು, ಅದೂ ಗೂಬೆ ತೋರಿಸುವ ರಿಕ್ಷಾದವರಿಗೆ.